ತಪ್ಪಿದ ಬಸ್ಸಿಗೆ ಕೀನ್ಯಾದಲ್ಲಿ ಓಡಿದ್ದು

ಸಿಂದಗಿ

ಪರದೇಶಕ್ಕೆ ಹೊರಟವರು ಕೋಟು ಹೊಲಿಸುತ್ತಾರೆ, ಟ್ರಂಕಿಗೆ ಬಣ್ಣ ಹೊಡೆಸಿ ಹೆಸರು ಬರೆಸುತ್ತಾರೆ. ನಾನು ಸಿಂದಗಿಯ ಬಜಾರಕ್ಕೆ ಹೋಗಿ ಬಿಳಿ ಕ್ಯಾನ್ವಾಸ್ ಬೂಟು ಕೇಳಿದೆ.

“ಮೊಮ್ಮಗನ ಕಾಲಿನ ಅಳತಿ ತಂದೀರೇನ್ರಿ, ಅಕ್ಕೋರ?” ಅಂದ ಅಂಗಡಿಯವ.

“ನನಗಽ ಬೇಕಪಾ.”

ಆತ ನನ್ನ ಮುಖ ನೋಡಿದ, ಕಾಲು ನೋಡಿದ, ಆಮೇಲೆ ಬಾಗಿಲ ಕಡೆ ನೋಡಿದ, ಜೊತೆಗೆ ತಿಳಿವಳಿಕೆ ಇದ್ದವರು ಯಾರಾದರೂ ಬಂದಿದ್ದಾರೇನೋ ಎಂದು.

“ಕಾಲಿಗೆ ಏನರ ಆಗೇತೇನ್ರಿ?”

“ಇನ್ನೂ ಆಗಿಲ್ಲ. ಆಗೂದೈತಿ.”

ಎಮರ್ಜೆನ್ಸಿ ಮುಗಿದ ಮರುವರ್ಷದ ಮಾತು. ನನಗಾಗ ಐವತ್ತೆಂಟು. ಅಲ್ಲಿಯವರೆಗೆ ನಾನು ಓಡಿದವಳಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ನಮ್ಮ ಮದರ್ ಸುಪೀರಿಯರ್ ಹೇಳುತ್ತಿದ್ದರು: “ಎ ಲೇಡಿ ನೆವರ್ ರನ್ಸ್, ಮೈ ಡಿಯರ್. ಶಿ ಅರೈವ್ಸ್.” ರಜೆಗೆ ತಾಂಬಾಕ್ಕೆ ಬಂದರೆ ಅಪ್ಪ ಹೇಳುತ್ತಿದ್ದರು: “ನಮ್ಮ ಮನಿ ಹೆಣ್ಣಮಕ್ಕಳು ಓಡಂಗಿಲ್ಲ.” ಮತ್ತ್ಯಾವ ವಿಷಯದಲ್ಲೂ ಕೂಡದ ಆ ಇಬ್ಬರು ಇದೊಂದರಲ್ಲಿ ಒಂದಾಗಿದ್ದರು. ನನ್ನ ಯಜಮಾನರು ರಸ್ತೆ ಕೆಲಸದ ಓವರ್‌ಸಿಯರ್. ಅವರ ಬದಲಿಯ ಹಿಂದೆ ನಾನೂ ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ ಎಂದು ತಿರುಗಿದೆ. ಹೋದಲ್ಲೆಲ್ಲ ಹೆಣ್ಣುಮಕ್ಕಳ ಸಾಲಿಯಲ್ಲಿ ಇಂಗ್ಲಿಷ್ ಕಲಿಸಿದೆ, ಮತ್ತು ಪಡಸಾಲೆಯಲ್ಲಿ ಓಡುವ ಹುಡುಗಿಯರನ್ನು ನಿಲ್ಲಿಸಿ “ಡೋಂಟ್ ರನ್” ಎಂದೆ. ಮೂವತ್ತು ವರ್ಷ ನಾನು ಹೇಳಿದ ಇಂಗ್ಲಿಷಿನಲ್ಲಿ ಅರ್ಧ ಅದೇ ಇರಬೇಕು.

ಈಗ ನನ್ನ ತಂಗಿ ಗಂಗೂನ ಸುದ್ದಿ. ಆಕೆ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಹದಿನೇಳು ವರ್ಷದ ಹಿಂದೆ ಸ್ಯಾಮುವೆಲ್ ಮಾಸ್ತರರನ್ನು ರಿಜಿಸ್ಟರ್ ಮದುವೆಯಾದಳು. ಅಪ್ಪ “ಈ ಹೊಸ್ತಿಲ ತುಳೀಬ್ಯಾಡ” ಅಂದರು. ಇಬ್ಬರಿಗೂ ಕೀನ್ಯಾದ ಒಂದು ಸಾಲಿಯಲ್ಲಿ ನೌಕರಿ ಸಿಕ್ಕಿತ್ತು. ಊರು ಬಿಡುವ ದಿನ ಇಂಡಿಯಿಂದ ಸೊಲ್ಲಾಪುರದ ಬಸ್ಸು ಹಿಡಿಯಬೇಕಿತ್ತು. ಆಗ ನಮ್ಮ ಮನೆ ಇಂಡಿಯ ಸ್ಟ್ಯಾಂಡಿನಿಂದ ಒಂದೇ ಓಣಿ ದೂರ. ಅವ್ವ ತಾಂಬಾದಿಂದ ಅಪ್ಪನಿಗೆ ಕಾಣದಂತೆ ನನ್ನ ಕೈಗೆ ಒಂದು ಗಂಟು ಮುಟ್ಟಿಸಿದ್ದಳು. ಕೆಂಪು ಸೆರಗಿನ ಹದಿನೆಂಟು ಮೊಳದ ಇಲಕಲ್ ಸೀರೆ, ಕುಬಸದ ಕಣ, ಅಕ್ಕಿ, ಕೊಬ್ಬರಿ ಬಟ್ಟಲು, ಅಡಕಿ. ಹೆಣ್ಣುಮಗಳನ್ನು ಉಡಿ ತುಂಬದೆ ದೂರ ಕಳಿಸುವುದುಂಟೇ?

ನಾನು ಗಂಟು ಹಿಡಿದು ಓಣಿಯ ತಿರುವಿಗೆ ಬಂದಾಗ ಬಸ್ಸು ಚಾಲೂ ಆಗಿತ್ತು. ನಡುವೆ ಐವತ್ತು ಹೆಜ್ಜೆ. ಅವತ್ತು ಸಂತೆ, ಊರೆಲ್ಲ ಅಲ್ಲೇ ಇತ್ತು. ಓಡಿದ್ದರೆ ಸಿಗುತ್ತಿತ್ತು. ನಾನು ನಡೆದೆ. ಬಿರಬಿರನೆ ನಡೆದೆ, ಖರೇ, ಆದರೆ ನಡೆದೆ. ಗಂಗೂ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ಬಸ್ಸು ಹೋಯಿತು.

ಹೋದ ವರ್ಷ ಅಪ್ಪ ತೀರಿಕೊಂಡಾಗ ಆಕೆಗೆ ನಾಲ್ಕು ಪುಟ ಬರೆದೆ. ಆಕೆ ನಾಲ್ಕು ಸಾಲು ಬರೆದಳು. “ಸುದ್ದಿ ತಿಳೀತು. ಟಿಕೆಟ್ ಕಳಿಸೇನಿ. ನೀನಽ ಬಾ. ಬರೂವಾಗ ಕ್ಯಾನ್ವಾಸ್ ಬೂಟು ತಗೊಂಡು ಬಾ, ಇಲ್ಲಿ ಎಲ್ಲಾರೂ ಓಡತಾರ.”

ತಾಂಬಾದಲ್ಲಿ ಅಣ್ಣನ ಮಕ್ಕಳು ಮೊಮ್ಮಕ್ಕಳ ಗದ್ದಲದ ನಡುವೆ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ ಅವ್ವನಿಗೆ ಪತ್ರ ಓದಿ ಹೇಳಿದೆ. ಆಕೆಯ ಕಣ್ಣಿಗೆ ಪರೆ ಬಂದಿತ್ತು, ಕೈಗೆ ಬಂದಿರಲಿಲ್ಲ. “ಓಡು, ಹಾರು, ಏನರ ಮಾಡು. ನನ್ನ ಕಣ್ಣು ಪೂರಾ ಮುಚ್ಚೂದ್ರಾಗ ಆಕಿನ್ನ ಒಮ್ಮೆ ಮನಿಗೆ ಕರಕೊಂಡು ಬಾ” ಅಂದಳು.

ಯಜಮಾನರು ಮಾತ್ರ ಬೂಟಿನ ಪೆಟ್ಟಿಗೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. “ಓಡಾಕ? ನೀನು? ಹಾಲು ಉಕ್ಕಿದರ ನಡಕೋತ ಹೋಗಾಕಿ.”

ನೈರೋಬಿ

ಟ್ರಂಕಿನಲ್ಲಿ ಜಾಗ ಇಲ್ಲದ್ದಕ್ಕೆ ಬೂಟನ್ನು ಕಾಲಿಗೇ ಹಾಕಿಕೊಂಡು ವಿಮಾನ ಹತ್ತಿದ್ದೆ. ಜಾಗ ತಿಂದದ್ದು ರೊಟ್ಟಿ. ಖಡಕ್ ರೊಟ್ಟಿಯ ಒಂದು ಗೋಪುರವನ್ನೇ ಬಿಳಿ ಧೋತರದಲ್ಲಿ ಕಟ್ಟಿ ತಂದಿದ್ದೆ. ಕಸ್ಟಮ್ಸಿನ ದಪ್ಪ ಆಸಾಮಿ ಅದನ್ನು ಬಿಚ್ಚಿಸಿ, ಮೇಲಿನ ರೊಟ್ಟಿಯನ್ನು ಬಾಗಿಲು ತಟ್ಟಿದ ಹಾಗೆ ತಟ್ಟಿ ಕೇಳಿದ: “ವಾಟ್ ಈಸ್ ದಿಸ್, ಮಾಮಾ? ರೂಫಿಂಗ್?” ಮಾಮಾ ಅಂದರೆ ಅಲ್ಲಿ ತಾಯಿ.

“ಬ್ರೆಡ್,” ಅಂದೆ, ಕಾನ್ವೆಂಟಿನ ಉಚ್ಚಾರದಲ್ಲಿ.

ಆತ ನಂಬಲಿಲ್ಲ. ಒಂದು ತುಂಡು ಮುರಿದು ಅದರ ಮೇಲೆ ಶೇಂಗಾ ಚಟ್ನಿ ಹಾಕಿಕೊಟ್ಟೆ. ತಿಂದ. ಕಣ್ಣಲ್ಲಿ ನೀರು ಬಂತು. ಪಕ್ಕದ ಮೇಜಿನವನನ್ನು ಕರೆದು ಅವನಿಗೂ ಕೊಟ್ಟ. ಅವನ ಕಣ್ಣಲ್ಲೂ ನೀರು ಬಂದಾಗ ಇವನಿಗೆ ಸಮಾಧಾನವಾಗಿ ನಗಲು ಶುರು ಮಾಡಿದ. ಇಂಡಿಯ ಲಿಂಬೆಹಣ್ಣಿನ ಉಪ್ಪಿನಕಾಯಿಯ ಭರಣಿ ಬಿಚ್ಚಲು ಇಬ್ಬರೂ ಒಪ್ಪಲಿಲ್ಲ.

ಹೊರಗೆ ಬರುವಾಗ ಬೂಟಿನ ಲಾಡಿಯನ್ನು ನಾನೇ ತುಳಿದು ಮೂರು ಮೆಟ್ಟಿಲು ಒಟ್ಟಿಗೇ ಇಳಿದೆ. ಕೂಡಲೇ ಒಬ್ಬ ಹಮಾಲ, ಒಬ್ಬ ಟ್ಯಾಕ್ಸಿಯವ, ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ಒಬ್ಬ ಹೆಣ್ಣುಮಗಳು, ಮೂವರೂ “ಪೋಲೆ, ಮಾಮಾ, ಪೋಲೆ” ಅಂದರು. ಕರೆಯಲು ಬಂದಿದ್ದ ಸ್ಯಾಮುವೆಲ್ ಮಾಸ್ತರರನ್ನು ಅದೇನೆಂದು ಕೇಳಿದೆ.

“ಸಾರಿ ಅಂತ ಅನ್ನಾಕತ್ತಾರ್ರಿ, ಅಕ್ಕಾರ.”

“ಬಿದ್ದಾಕಿ ನಾನು. ಅವರದೇನು ತಪ್ಪು?”

“ತಪ್ಪಿಗಲ್ರಿ ಅದು. ನಿಮಗ ಪೆಟ್ಟಾತಲ್ಲ, ಅದಕ್ಕ. ತಪ್ಪು ಯಾರದರ ಇರಲಿ, ಮುಂದ ಇದ್ದವರು ಅಂದುಬಿಡ್ತಾರ.”

ನಮ್ಮಲ್ಲಿ ಹಾಗೊಂದು ಮಾತಿಲ್ಲ. ನಮ್ಮಲ್ಲಿ ಯಾರಾದರೂ ಬಿದ್ದರೆ “ಕಣ್ಣ ಎಲ್ಲಿಟ್ಟಿದ್ದಿ” ಅಂತ ಕೇಳುತ್ತಾರೆ. ಪ್ರೀತಿ ಹೆಚ್ಚಿದ್ದಷ್ಟೂ ಜೋರಾಗಿ ಕೇಳುತ್ತಾರೆ. ಮುದ್ದೇಬಿಹಾಳದ ಸ್ಟ್ಯಾಂಡಿನ ರಾಡಿಯಲ್ಲಿ ನಾನು ಜಾರಿ ಕೂತಾಗ ನನ್ನ ಯಜಮಾನರು ಕೈ ಕೊಡುವ ಮೊದಲು ಆ ರಸ್ತೆ ತಮ್ಮ ಇಲಾಖೆಯದಲ್ಲ ಎಂದು ಎಲ್ಲರಿಗೂ ತಿಳಿಸಿದ್ದರು.

“ಗಂಗೂ ಬರಲಿಲ್ಲೇನ್ರಿ?” ಅಂದೆ.

“ಸಾಲಿ ಐತ್ರಿ ಆಕಿಗೆ,” ಅಂದರು ಮಾಸ್ತರರು, ರಸ್ತೆ ನೋಡುತ್ತ. ಅವತ್ತು ಭಾನುವಾರ. ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ.

ಗುಡ್ಡದ ಮೇಲಿನ ಸಾಲಿ

ಆ ಸಾಲಿ ಎರಡು ಬೆಂಗಳೂರನ್ನು ಒಂದರ ಮೇಲೊಂದು ಇಟ್ಟಷ್ಟು ಎತ್ತರದಲ್ಲಿದೆ. ನೆಲ ಕೆಂಪು. ನಮ್ಮ ಕರಿ ನೆಲ ನೋಡಿ ಬೆಳೆದವಳಿಗೆ ಇಡೀ ದೇಶಕ್ಕೆ ಯಾರೋ ಕುಂಕುಮ ಚೆಲ್ಲಿದ ಹಾಗೆ ಕಂಡಿತು. ಗೋವಿನಜೋಳದ ರಾಶಿ ಮುಗಿದು ಹೊಲ ಹರಗುತ್ತಿದ್ದರು. ನಮ್ಮೂರಲ್ಲೂ ಆಗ ಜೋಳದ ಸುಗ್ಗಿಯೇ.

ಬಾಗಿಲಲ್ಲಿ ಗಂಗೂ ನಿಂತಿದ್ದಳು. ನಲವತ್ತಾರಕ್ಕೇ ಕೂದಲು ಬೆಳ್ಳಗಾಗಿತ್ತು. ಅದನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಿದ್ದಳು. ಹದಿನೇಳು ವರ್ಷದ ಮೇಲೆ ಆಕೆ ನನಗೆ ಆಡಿದ ಮೊದಲ ಮಾತು:

“ಬೂಟು ತಂದಿಯೇನು?”

“ತಂದೇನಿ.”

“ಛಲೋ ಆತು. ನಾಳೆ ಮುಂಜಾನೆ ಆರಕ್ಕ.”

ಮುಂಜಾನೆ ಆರಕ್ಕೆ ಆ ಸಾಲಿಯ ಹುಡುಗಿಯರೆಲ್ಲ ಓಡುತ್ತಾರೆ. ಯಾರೂ ಓಡಿಸುವುದಿಲ್ಲ. ನಮ್ಮ ಹುಡುಗಿಯರು ಪ್ರಾರ್ಥನೆಗೆ ಸಾಲು ನಿಲ್ಲುವ ಹಾಗೆ ಅವರು ಓಟಕ್ಕೆ ಬರುತ್ತಾರೆ, ಬಹಳ ಜನ ಬರಿಗಾಲಲ್ಲಿ, ಪಕ್ಕದವಳ ಜೊತೆ ಹರಟೆ ಹೊಡೆಯುತ್ತ. ನಾನು ಕುಳಿತಲ್ಲೇ ಏದುಸಿರು ಬಿಡುವ ಆ ತೆಳ್ಳನೆಯ ಗಾಳಿಯಲ್ಲಿ ಅವರು ಓಡುತ್ತ ಮಾತಾಡುತ್ತಿದ್ದರು. ನನ್ನನ್ನು ಗೇಮ್ಸ್ ಟೀಚರ್ ಚೆಬೆಟ್‌ಗೆ ಒಪ್ಪಿಸಿ ಗಂಗೂ ಹೋಗಿಬಿಟ್ಟಳು. ಚೆಬೆಟ್ ಇಪ್ಪತ್ತಾರರ ಹುಡುಗಿ, ನಿಂತಾಗಲೂ ಹಿಮ್ಮಡಿ ನೆಲಕ್ಕೆ ತಾಗಿರುತ್ತಿರಲಿಲ್ಲ. ನಾನು ವಾಯಿಲ್ ಸೀರೆ, ಅದರ ಮೇಲೆ ಸ್ವೆಟರ್, ಅದರ ಮೇಲೆ ಶಾಲು, ತಲೆಗೆ ಯಜಮಾನರ ಮಫ್ಲರ್, ಹೀಗೆ ಸಜ್ಜಾಗಿದ್ದೆ.

“ಟುಡೇ ವಿ ಡೋಂಟ್ ರನ್, ಕೊಗೊ,” ಅಂದಳು. ಕೊಗೊ ಅಂದರೆ ಅವರ ಮಾತಿನಲ್ಲಿ ಅಜ್ಜಿ. “ಟುಡೇ ವಿ ಓನ್ಲಿ ಫರ್ಗೆಟ್ ಟು ವಾಕ್.”

ಗೇಟಿನಿಂದ ನೀಲಗಿರಿ ಮರದವರೆಗೆ ನಡಿಗೆಯನ್ನು ಮರೆಯಬೇಕಿತ್ತು. ಸಿಂದಗಿಯ ನಮ್ಮ ಮನೆಯಿಂದ ಹಿಟ್ಟಿನ ಗಿರಣಿಗೆ ಇರುವಷ್ಟೇ ದೂರ. ಹತ್ತು ಹೆಜ್ಜೆ ಹೇಗೋ ಮರೆತೆ. ಹನ್ನೊಂದನೆಯದಕ್ಕೆ ಸೀರೆಯ ಒಳಗಿನ ಲಂಗ ಇಷ್ಟೇ ಅಗಲ ಎಂದು ನೆನಪು ಮಾಡಿಕೊಟ್ಟಿತು. ಆ ಕೆಂಪು ನೆಲದ ಮೇಲೆ ನಾನು ಉದ್ದಕ್ಕೆ ಮಲಗಿದೆ. ಎ ಲೇಡಿ ಅರೈವ್ಸ್.

ಮುನ್ನೂರು ಹುಡುಗಿಯರು ಒಮ್ಮೆಲೇ ನಿಂತರು. ಪ್ರಾರ್ಥನೆಯ ಹಾಗೆ ಒಂದೇ ದನಿ: “ಪೋಲೆ, ಕೊಗೊ.” ಒಬ್ಬಳೂ ನಗಲಿಲ್ಲ. ನಾನು ಕೂತು, ಮಫ್ಲರ್ ಸರಿ ಮಾಡಿಕೊಂಡು ನಕ್ಕ ಮೇಲೆ ನಕ್ಕರು, ಮತ್ತು ಆಮೇಲೆ ಬಹಳ ಹೊತ್ತು ನಿಲ್ಲಿಸಲೇ ಇಲ್ಲ.

ತಿಂಡಿಯ ಹೊತ್ತಿಗೆ ಗಂಗೂ ನನ್ನ ಮೊಣಕಾಲಿಗೆ ಅರಿಶಿನ ಮೆತ್ತುತ್ತಿದ್ದಳು. ಇದೇ ವೇಳೆ ಎಂದು ತೆಗೆದೆ.

“ಅವ್ವ ಕರದಾಳ, ಗಂಗೂ. ಒಮ್ಮೆ ಬಂದು ಹೋಗು. ಈಗ ಬ್ಯಾಡ ಅನ್ನವರೂ ಇಲ್ಲ.”

ಆಕೆ ಅರಿಶಿನದ ಬಟ್ಟಲು ಕೆಳಗಿಟ್ಟಳು. “ಅಪ್ಪ ಅಂದದ್ದು ನನ್ನ ಮನಸ್ಸಿಗೆ ಹತ್ತಿಲ್ಲ, ಅಕ್ಕಾ. ಅಪ್ಪ ಎತ್ತಿಗೂ ಹಂಗಽ ಬೈತಿದ್ದ. ನೀ ನಡಕೋತ ಬಂದಿ ನೋಡು, ಅದು ಹತ್ತೇತಿ. ಬರದಽ ಇದ್ದಿದ್ರ, ಅಂಜಿ ಮನ್ಯಾಗ ಕುಂತಾಳ ಅಂತಿದ್ದೆ. ಕೈಯಾಗ ಗಂಟು ಹಿಡದು, ಸೆರಗು ಹೊದ್ದು, ನಡಕೋತ ಬಂದಿ. ಬಜಾರದ ಮಂದಿಗಿಂತ ನಾ ಸಣ್ಣಾಕಿ ಆದೆ.”

ಸ್ಯಾಮುವೆಲ್ ಮಾಸ್ತರರು ಎದ್ದು ನನ್ನ ಚಹಾಕ್ಕೆ ಎರಡನೇ ಸಲ ಸಕ್ಕರೆ ಹಾಕಿದರು. ನಾನು ಹಾಗೇ ಕುಡಿದೆ. ಗಂಗೂ ಅಂದದ್ದು ಅಕ್ಷರಶಃ ಸರಿ.

“ಮೂರು ವಾರಕ್ಕ ಸ್ಪೋರ್ಟ್ಸ್ ಡೇ,” ಅಂದಳು ಆಕೆ. “ಹುಡುಗ್ಯಾರ ಅಜ್ಜಿಗೋಳು ಮೈದಾನ ಒಂದು ಸುತ್ತು ಓಡತಾರ. ನೀನೂ ಓಡು. ನಿಲ್ಲದಽ, ನಡೀದಽ ಓಡಿದಿ ಅಂದ್ರ ಆಮ್ಯಾಲೆ ಊರಿಗೆ ಬರೂ ಮಾತು ಆಡೂಣು.”

ಎಂಟನೆಯ ದಿನ

ಎಂಟು ದಿನಕ್ಕೆ ನೀಲಗಿರಿ ಮರ ಮುಟ್ಟಿದೆ. ಮೈಯಲ್ಲಿ ಎಲ್ಲೆಲ್ಲಿ ಎಲುಬಿದೆ ಎಂಬುದು ಒಂದೊಂದಾಗಿ ಗೊತ್ತಾಯಿತು.

ಅವತ್ತು ಚೆಬೆಟ್ ತನ್ನ ಮನೆಗೆ ಕರೆದೊಯ್ದಳು. ಅಲ್ಲಿಯ ಜನ ದಾರಿಯಲ್ಲಿ ಸಿಕ್ಕರೆ ಕೈ ಹಿಡಿದುಕೊಂಡು ಮೊದಲು ನಿಮ್ಮ ಆರೋಗ್ಯ, ಆಮೇಲೆ ಮನೆಯವರದು, ಆಮೇಲೆ ದನಗಳದು, ಆಮೇಲೆ ಮಳೆಯದು ಕೇಳುತ್ತಾರೆ; ಎಲ್ಲಕ್ಕೂ ಚೆನ್ನಾಗಿದೆ ಎಂದೇ ಉತ್ತರ. ದೇವಣಗಾಂವದ ಕಡೆಯ ಬೀಗರು ಕೂಡಿದ ಹಾಗೆ. ನಿಮ್ಮಲ್ಲಿ ಎಷ್ಟು ದನ ಎಂದು ಚೆಬೆಟ್‌ಳ ತಾಯಿ ಕೇಳಿದಳು. ಸಿಂದಗಿಯಲ್ಲಿ ಒಂದೂ ಇಲ್ಲ, ಗವಳಿಯ ಹಾಲು ಕೊಳ್ಳುತ್ತೇವೆ ಅಂದಾಗ ನನ್ನ ಕೈಯನ್ನು ಬಹಳ ಮರುಕದಿಂದ ಒತ್ತಿ “ಪೋಲೆ” ಅಂದಳು. ಓಡಿ ಬಂದವರಿಗೆ ಕೊಡುವುದೆಂದು ಉದ್ದನೆಯ ಸೋರೆಬುರುಡೆಯಿಂದ ಹುಳಿಹಾಲು ಬಗ್ಗಿಸಿದಳು. ಬುರುಡೆಯ ಒಳಗೆ ಇದ್ದಿಲು ಬಳಿದಿರುತ್ತಾರೆ, ಅದಕ್ಕೇ ಹಾಲು ಬೂದಿ ಬಣ್ಣ. ಕಣ್ಣು ಮುಚ್ಚಿ ಕುಡಿದೆ. ಹೊಗೆಯಾಡಿದ ಒಲೆಯ ಪಕ್ಕ ಅವ್ವ ಇಡುತ್ತಿದ್ದ ಮೊಸರಿನ ಗಡಿಗೆಯದೇ ರುಚಿ. ಕಣ್ಣು ತೆರೆಯಲು ಮನಸ್ಸಾಗಲಿಲ್ಲ.

ಆದರೆ ಮರದಿಂದ ಮುಂದೆ ಓಡಲು ಲಂಗ ಬಿಡದು. ಗಂಗೂ ತನ್ನ ಗಂಡನ ಟ್ರ್ಯಾಕ್ ಸೂಟ್ ತಂದಳು. ಬಾಗಿಲು ಹಾಕಿಕೊಂಡು ತೊಟ್ಟು ನೋಡಿದೆ. ಕನ್ನಡಿಯಲ್ಲಿ ರೈಲಿಗೆ ಹೊರಟ ಹೋಲ್ಡಾಲ್ ಕಂಡಿತು.

“ಹಂಗಾರ ಕಚ್ಚಿ ಹಾಕು,” ಅಂದಳು ಗಂಗೂ. “ಜ್ವಾಳಾ ಕೊಯ್ಯಾಕ ಮಾದೇವಿ ಬರ್ತಿದ್ಲಲ್ಲ ನಮ್ಮ ಹೊಲಕ್ಕ? ಕಚ್ಚಿ ಹಾಕ್ಕೊಂಡು ಬದುವು ಜ್ವಾಳದ ಹೊರಿ ಸುದ್ದಾ ಜಿಗೀತಿದ್ಲು.”

ಮಾದೇವಿ ಜಿಗಿಯುವುದನ್ನು ನಾನೂ ಸಣ್ಣವಳಿದ್ದಾಗ ಬಾಯಿ ತೆರೆದು ನೋಡಿದ್ದೆ. ಕಾನ್ವೆಂಟಿಗೆ ಹೋದ ಮೇಲೆ ನಾನು ಅದನ್ನು ನೋಡುವುದು ಬಿಟ್ಟಿದ್ದೆ.

“ಆರು ಗಜದ ಸೀರಿಗೆ ಕಚ್ಚಿ ಬರಂಗಿಲ್ಲ. ಉದ್ದಾಂದು ಬೇಕು,” ಅಂದವಳು ಅಲ್ಲೇ ತಡೆದೆ. ಉದ್ದನೆಯ ಸೀರೆ ಒಂದಿತ್ತು. ನನ್ನ ಟ್ರಂಕಿನ ತಳದಲ್ಲಿ. ಬಂದ ದಿನದಿಂದ ಕೊಡಬೇಕೆಂದು ಕೈಹಾಕಿ ಕೈ ತೆಗೆಯುತ್ತಿದ್ದೆ. ಈಗ ತೆಗೆದು ಮಂಚದ ಮೇಲಿಟ್ಟೆ.

ಗಂಗೂ ಮುಟ್ಟದೆ ನೋಡಿದಳು. “ಅವ್ವನ ಸೀರಿ.”

“ನಿಂದು. ಅವತ್ತಿಂದು.”

“ಹದಿನೇಳು ವರ್ಷ ಎಲ್ಲಿತ್ತು?”

“ಇಂಡಿಯೊಳಗ ಎರಡು ವರ್ಷ, ಬಾಗೇವಾಡ್ಯಾಗ ಐದು, ಮುದ್ದೇಬಿಹಾಳದಾಗ ನಾಲ್ಕು, ಉಳದದ್ದು ಸಿಂದಗಿ. ನಮ್ಮ ಜೋಡಿ ಇದಕ್ಕೂ ಟ್ರಾನ್ಸ್‌ಫರ್ ಆತು. ವರ್ಷಾ ದೀಪಾವಳಿಗೆ ಬಿಸಿಲಿಗೆ ಹಾಕಿ, ಬೇವಿನೆಲಿ ಬದಲ ಮಾಡಿ ಮತ್ತ ಇಡತಿದ್ದೆ.”

ಗಂಗೂಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ನಗುತ್ತ ನಗುತ್ತ ಸೆರಗಿನ ಒಂದು ಮಡಿಕೆಗೆ ಮುಖ ಒತ್ತಿಕೊಂಡು ಬಹಳ ಹೊತ್ತು ಹಾಗೇ ಇದ್ದಳು.

ನಮ್ಮಲ್ಲಿ ಅಕ್ಕ ತಂಗಿಗೆ ಕ್ಷಮಿಸು ಅನ್ನುವ ರೂಢಿಯಿಲ್ಲ. ಕಾನ್ವೆಂಟ್ ಕಲಿಸಿದ ಸಾರಿ ಕಾಲು ತುಳಿದದ್ದಕ್ಕೆ ಸಾಲುತ್ತದೆ, ಇದಕ್ಕೆ ಸಾಲದು. ನಾನು ಆಕೆಯ ಬೆನ್ನ ಮೇಲೆ ಕೈಯಿಟ್ಟು ನೈರೋಬಿಯ ಹಮಾಲ ನನಗಂದ ಮಾತನ್ನೇ ಅಂದೆ. “ಪೋಲೆ, ಗಂಗೂ.”

“ಉಡಿ ಈಗ ತುಂಬಲೇನು?” ಎಂದೂ ಕೇಳಿದೆ.

“ಬ್ಯಾಡ. ಅದು ಊರಾಗ ತುಂಬೂದು.” ಆಕೆ ಮೂಗು ಒರೆಸಿಕೊಂಡು ಸೀರೆ ಝಾಡಿಸಿದಳು. “ಈಗ ಇತ್ತ ಬಾ. ಹೊಟ್ಟಿ ಒಳಗ ತಗೋ.”

“ಇದ್ದದ್ದಽ ಹಿಂಗ. ಎಲ್ಲಿ ತಗೊಳ್ಳಲಿ?”

ತನ್ನ ಮೊಣಕಾಲನ್ನು ನನ್ನ ಸೊಂಟಕ್ಕೆ ಕೊಟ್ಟು, ಎತ್ತಿಗೆ ನೊಗ ಕಟ್ಟುವ ಹಾಗೆ ಎಳೆದು ಕಚ್ಚಿ ಬಿಗಿದಳು. ಹೊರಗೆ ಬಂದು ನಾಲ್ಕು ಹೆಜ್ಜೆ ಓಡಿದೆ. ಐವತ್ತೆಂಟು ವರ್ಷಕ್ಕೆ ಮೊದಲ ಸಲ ನನಗಿರುವುದು ಎರಡು ಬೇರೆ ಬೇರೆ ಕಾಲು ಎಂದು ತಿಳಿಯಿತು.

ಸ್ಪೋರ್ಟ್ಸ್ ಡೇ

ಅಜ್ಜಿಯರ ಓಟಕ್ಕೆ ಹದಿನಾಲ್ಕು ಜನ. ತಲೆಗೆ ಬಣ್ಣದ ರುಮಾಲು, ಬರಿಗಾಲು, ಒಬ್ಬೊಬ್ಬರದೂ ಮಲ್ಲಕಂಬದ ಹಾಗಿರುವ ಮೈ. ನನ್ನ ಪಕ್ಕದಲ್ಲಿ ಕೋಲೂರಿಕೊಂಡು ಒಬ್ಬ ಮುದುಕಿ ನಿಂತಿದ್ದಳು. ಎಪ್ಪತ್ತೈದು ದಾಟಿರಬೇಕು. ಉಳಿದವರು ಹೋಗಲಿ, ಈಕೆಯನ್ನಾದರೂ ಹಿಂದೆ ಹಾಕುತ್ತೇನೆ ಎಂದು ಲೆಕ್ಕ ಹಾಕಿದೆ. ಸೀಟಿ ಊದಿದ ಕೂಡಲೇ ಆಕೆ ಕೋಲನ್ನು ಮೊಮ್ಮಗಳ ಕೈಗೆ ಕೊಟ್ಟು ಹೊರಟುಹೋದಳು. ಮತ್ತೆ ಆಕೆಯ ಮುಖ ನೋಡಿದ್ದು ಓಟ ಮುಗಿದ ಮೇಲೆ.

ಚೆಬೆಟ್ ಹೇಳಿಕೊಟ್ಟಿದ್ದಳು, ಸುತ್ತು ಎಂದು ಯೋಚಿಸಬೇಡ, ಪರಿಚಯದ ದಾರಿ ಎಂದು ಯೋಚಿಸು. ನನಗೆ ಪರಿಚಯದ ದಾರಿ ಬಸ್ಸಿನದು. ಗೆರೆ ಬಿಟ್ಟದ್ದು ಇಂಡಿ. ಮೊದಲ ತಿರುವು ತಾಂಬಾ. ಅಲ್ಲಿಯವರೆಗೆ ಸುಖವಾಗಿ ಬಂದೆ. ಸಿಂದಗಿಯಲ್ಲಿ ಎದೆ ಗಿರಣಿಯ ಪಟ್ಟಿಯ ಹಾಗೆ ಹೊಡೆದುಕೊಳ್ಳತೊಡಗಿತು. ಬಾಗೇವಾಡಿಗೆ ಬಂದಾಗ ಉಳಿದ ಹದಿಮೂರು ಜನ ಮುಟ್ಟಿ, ನೀರು ಕುಡಿದು, ತಿರುಗಿ ನಿಂತು ನನ್ನನ್ನು ನೋಡುತ್ತಿದ್ದರು. ಇಡೀ ಮೈದಾನದಲ್ಲಿ ನಾನೊಬ್ಬಳೇ. ಮುದ್ದೇಬಿಹಾಳದ ತಿರುವಿನಲ್ಲಿ ನಡೆದುಬಿಡೋಣ, ಹತ್ತೇ ಹೆಜ್ಜೆ, ಯಾರಿಗೆ ಗೊತ್ತಾಗುತ್ತದೆ ಅನ್ನಿಸಿತು. ಅಷ್ಟರಲ್ಲಿ ಆ ತುದಿಯಲ್ಲಿ ಗಂಗೂ ಕಂಡಳು. ಕೈಯಲ್ಲಿ ಸ್ಟಾಪ್‌ವಾಚ್, ಆದರೆ ಅದನ್ನು ನೋಡುತ್ತಿರಲಿಲ್ಲ. ನನ್ನ ಕಾಲನ್ನೇ ನೋಡುತ್ತಿದ್ದಳು.

ಮುದ್ದೇಬಿಹಾಳದ ಮುಂದಿನ ಊರು ನಾಲತವಾಡ ಹೇಗೆ ದಾಟಿತೋ ಗೊತ್ತಿಲ್ಲ. ಮುನ್ನೂರು ಹುಡುಗಿಯರು “ಕೊಗೊ, ಕೊಗೊ” ಎಂದು ಕೂಗುತ್ತಿದ್ದರು. ಹಗ್ಗಕ್ಕೆ ಎದೆ ತಾಗಿತು. ಯಾರೋ ಹುಳಿಹಾಲಿನ ಬುರುಡೆ ಬಾಯಿಗೆ ಹಿಡಿದರು.

“ನಿಲ್ಲಲಿಲ್ಲ ನಾ,” ಅಂದೆ, ಉಸಿರು ಸಿಕ್ಕಾಗ.

“ನಿಲ್ಲಲಿಲ್ಲ. ನೋಡಿದೆ.”

ಹುಡುಗಿಯರು ಮೈದಾನದ ಬಣ್ಣದ ಕಾಗದ ಬಿಚ್ಚುತ್ತಿದ್ದಾಗ ಇಬ್ಬರೂ ಮನೆಯ ಮೆಟ್ಟಿಲ ಮೇಲೆ ಕೂತೆವು. ಸೀರೆಯ ದಡಿ ಮೊಣಕಾಲವರೆಗೆ ಕೆಂಪಾಗಿತ್ತು.

“ಮಾತು ಆಡೂಣು ಅಂದಿದ್ದಿ,” ಅಂದೆ.

“ಆಡೂಣು. ಇಲ್ಲಿ ಓಡೂದು ಸರಳ, ಅಕ್ಕಾ. ಇಲ್ಲಿ ನಿನ್ನ ಯಾರು ಬಲ್ಲರು? ಬಿದ್ದರೂ ಪೋಲೆ ಅಂತಾರ. ಊರಾಗ ಓಡು. ನಿನ್ನ ಸಾಲಿ ಹುಡುಗ್ಯಾರು, ಅವರ ಅವ್ವಂದಿರು, ಬಜಾರದವರು ಎಲ್ಲಾರೂ ನೋಡೂ ಹಂಗ ಓಡು. ಓಡಿ ನನಗ ಕಾಗದ ಬರಿ.”

“ಬರದರ ಬರ್ತಿ?”

“ಬರದು ನೋಡು.”

ನನಗೆ ಸಿಟ್ಟು ಬಂತು. ಆ ಸಿಟ್ಟನ್ನು ವಿಮಾನದಲ್ಲಿ ಜತನವಾಗಿ ಸಿಂದಗಿಗೆ ತಂದೆ. ಸೀರೆಯನ್ನು ಗಂಗೂ ಒಗೆಯಲು ಇಟ್ಟುಕೊಂಡಳು.

ಮತ್ತೆ ಸಿಂದಗಿ

ನಮ್ಮೂರಲ್ಲಿ ವಯಸ್ಸಾದ ಹೆಂಗಸು ರಸ್ತೆಯಲ್ಲಿ ಓಡುವುದು ಒಂದೇ ಕಾರಣಕ್ಕೆ. ಈ ಸಂಗತಿ ನನಗೆ ಹೊಳೆದದ್ದು ಓಡಲು ಶುರುಮಾಡಿದ ಮೇಲೆ.

ಮೊದಲ ಮುಂಜಾನೆ ಅವ್ವನ ಇನ್ನೊಂದು ಹಳೆಯ ಸೀರೆಗೆ ಕಚ್ಚಿ ಹಾಕಿ, ಬೂಟು ಕಟ್ಟಿ ಇಂಡಿ ರಸ್ತೆ ಹಿಡಿದೆ. ನೂರು ಹೆಜ್ಜೆಗೆ ಒಂದು ಚಕ್ಕಡಿ ನಿಂತಿತು. “ಹತ್ತ್ರಿ, ಅಕ್ಕೋರ. ಎಲ್ಲಿ ಆತ್ರಿ?”

“ಏನೂ ಆಗಿಲ್ಲ. ಸುಮ್ಮನ ಓಡಾಕತ್ತೇನಿ.”

ದುಃಖದಲ್ಲಿದ್ದವರು ಹಾಗೆಯೇ ಅನ್ನುತ್ತಾರೆ ಎಂದು ತಿಳಿದ ಆತ ತಲೆಯ ರುಮಾಲು ತೆಗೆದು ಚಕ್ಕಡಿ ನಡೆಸುತ್ತ ನನ್ನ ಪಕ್ಕವೇ ಬಂದ. ಗಿರಣಿಯ ಹೆಂಗಸರಿಬ್ಬರು ಹಿಟ್ಟಿನ ಬುಟ್ಟಿ ಅಲ್ಲೇ ಇಟ್ಟು ಹಿಂದೆ ಓಡಿದರು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು “ಟೀಚರ್, ಡೋಂಟ್ ರನ್” ಎಂದು ಅಳುತ್ತ ಕೂಡಿಕೊಂಡಳು. ಹನುಮಪ್ಪನ ಗುಡಿ ತಲುಪುವಷ್ಟರಲ್ಲಿ ನನ್ನ ಹಿಂದೆ ಹನ್ನೆರಡು ಜನ, ಎರಡು ಸೈಕಲ್, ಒಂದು ಚಕ್ಕಡಿ. ಯಾರು ತೀರಿಕೊಂಡರು ಎಂಬುದೊಂದು ಮಾತ್ರ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳುವುದು ಸರಿಯಲ್ಲವೆಂದು ಯಾರೂ ಕೇಳಲಿಲ್ಲ. ಓವರ್‌ಸಿಯರ್ ಸಾಹೇಬರೇ ಇರಬೇಕು ಎಂದು ತಾವೇ ತೀರ್ಮಾನಿಸಿದರು.

ಮುಂಜಾನೆಯ ಬಸ್ಸಿನಲ್ಲಿ ಆ ಸುದ್ದಿ ತಾಂಬಾಕ್ಕೆ ಹೋಯಿತು. ಹನ್ನೊಂದಕ್ಕೆ ಅಣ್ಣ, ಅತ್ತಿಗೆ, ಅವ್ವ ಎಲ್ಲ ಸಿಂದಗಿಯ ನಮ್ಮ ಬಾಗಿಲಿಗೆ ಬಂದಿಳಿದರು. ಅತ್ತಿಗೆಯ ಅಳು ಓಣಿಯ ಆ ತುದಿಯಿಂದಲೇ ಕೇಳುತ್ತಿತ್ತು. ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ಯಜಮಾನರು ತಾವೇ ಎದ್ದು ಕೈಗೆ ನೀರು ಕೊಟ್ಟರು. ಅವ್ವ ಅವರ ಮುಖದ ಮೇಲೆ ಕೈಯಾಡಿಸಿದಳು.

“ಅಳಿಯಾರ, ಇದ್ದೀರೇನು?”

“ಇದ್ದೇನ್ರಿ, ಅತ್ತಿ. ಸದ್ಯಕ್ಕ ಇದ್ದೇನಿ.”

ಅಣ್ಣ ನನಗೆ ಬೈಯಲು ಬಾಯಿ ತೆಗೆದ. ಮನೆತನದ ಮಾನ, ಅಪ್ಪನ ಹೆಸರು, ಎಲ್ಲ ಬಂತು. ನಾನು ಅವ್ವನಿಗೆ ಗಂಗೂ ಹಾಕಿದ ಕರಾರು ಹೇಳಿದೆ, ಅಂದು ನಾನು ಬಸ್ಸಿಗೆ ನಡೆದು ಹೋದದ್ದನ್ನೂ ಹೇಳಿದೆ. ಅದನ್ನು ಅವ್ವನಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ. ಬಸ್ಸು ತಪ್ಪಿತು ಎಂದಷ್ಟೇ ಹೇಳಿದ್ದೆ. ಆಕೆ ಕೈಚಾಚಿ ನನ್ನ ಮೊಣಕಾಲು ತಡವಿದಳು.

“ಹಂಗಾರ ಓಡು,” ಅಂದಳು. “ನಿಂತಿ ಯಾಕ?”

ಅಣ್ಣ ಬಾಯಿ ಮುಚ್ಚಿದ. ಅಂದಿನಿಂದ ದಿನಾ ಓಡಿದೆ. ಯಜಮಾನರು ಹಿಂದೆ ಸೈಕಲ್ ಮೇಲೆ ಬರುತ್ತಿದ್ದರು, ತಾವು ಬದುಕಿರುವುದು ಊರಿಗೆ ಕಾಣಲಿ ಎಂದು. ಹದಿನೈದು ದಿನಕ್ಕೆ ಚಕ್ಕಡಿಗಳು ನಿಲ್ಲುವುದು ಬಿಟ್ಟವು. ಎಲ್ಲವನ್ನೂ, ಅತ್ತಿಗೆಯ ಅಳುವನ್ನೂ ಸೇರಿಸಿ, ಗಂಗೂಗೆ ಬರೆದೆ. ಉತ್ತರ ಈ ಸಲವೂ ನಾಲ್ಕೇ ಸಾಲು. “ಓದಿ ನಮ್ಮ ಮಾಸ್ತರು ನಕ್ಕು ನಕ್ಕು ಕುರ್ಚಿ ಬಿಟ್ಟು ಬಿದ್ದರು. ಡಿಸೆಂಬರ್ ರಜೆಗೆ ಇಬ್ಬರೂ ಬರ್ತೇವಿ. ಇಂಡಿ ಸ್ಟ್ಯಾಂಡಿಗೆ ಬಾ. ಮೊಣಕಾಲು ನೋಯ್ತಿದ್ದರ ನಡಕೋತ ಬಂದರೂ ಸಾಕು.”

ಇಂಡಿ

ಅವತ್ತೂ ಸಂತೆ. ಅವ್ವನನ್ನು ಯಜಮಾನರ ಜೊತೆ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂಡಿಸಿ ನಾನು ಆ ಓಣಿಯ ತಿರುವಿಗೆ ಹೋಗಿ ನಿಂತೆ. ಅಲ್ಲಿ ಈಗ ಬಾಂಡೆ ಪಾತ್ರೆಗಳ ಅಂಗಡಿಯಾಗಿದೆ. ಕಾಲಲ್ಲಿ ಬೂಟು, ಕೈಯಲ್ಲಿ ಗಂಟು: ಹೊಸ ಅಕ್ಕಿ, ಕೊಬ್ಬರಿ, ಅಡಕಿ, ಮತ್ತು ಹದಿನೇಳು ವರ್ಷದ ಹಿಂದಿನ ಅದೇ ಕುಬಸದ ಕಣ.

ಸೊಲ್ಲಾಪುರದ ಬಸ್ಸು ಧೂಳೆಬ್ಬಿಸುತ್ತ ಬಂತು. ಮೂರನೆಯ ಕಿಟಕಿಯಲ್ಲಿ ಕತ್ತರಿಸಿದ ಬಿಳಿ ಕೂದಲು, ಕೆಂಪು ಸೆರಗು. ಎಷ್ಟು ಒಗೆದರೂ ದಡಿಯಿಂದ ಆ ಮಣ್ಣಿನ ಬಣ್ಣ ಹೋಗಿಲ್ಲ ಎಂಬುದನ್ನು ನಾನು ನೋಡಿದ್ದು ಆಮೇಲೆ, ಆಕೆ ಉಡಿ ಒಡ್ಡಿ ಅವ್ವನ ಮುಂದೆ ಕೂತಾಗ.

ಆ ಹೊತ್ತಿಗೆ ನಾನು ಓಡುತ್ತಿದ್ದೆ. ಮೆಣಸಿನಕಾಯಿಯ ರಾಶಿ, ಬಳೆಗಾರರು, ಕಿರಾಣಿಯವರು, ನನ್ನ ಕಾಲದ ಇಂಡಿಯ ಹುಡುಗಿಯರು ಈಗ ಮಕ್ಕಳನ್ನು ಕಟ್ಟಿಕೊಂಡು, ಎಲ್ಲರ ನಡುವಿನಿಂದ, ಐವತ್ತು ಹೆಜ್ಜೆ, ಒಂದನ್ನೂ ನಡೆಯದೆ. ಬಸ್ಸು ಇನ್ನೂ ಪೂರಾ ನಿಂತಿರಲಿಲ್ಲ. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ನನ್ನ ಕಡೆ ಕೈ ಬೀಸಿದ.

“ಸಾವಕಾಶ ಬರ್ರಿ, ಆಯಿ. ಯಾಕ ಓಡತೀರಿ? ಬಸ್ಸು ಈಗ ಬಂದೈತ್ರಿ, ಹೊಂಟಿಲ್ಲ.”

ಅದು ನನಗೂ ಗೊತ್ತಿತ್ತು. ಆದರೂ ನಿಲ್ಲಲಿಲ್ಲ.